ಮೊದಲು ಹಾಜರಿ, ಆಮೇಲೆ ಅನುಮಾನ

ಸೈಬರ್ ಸುರಕ್ಷತೆಯ ಮೇಲೆ ಒಂದು ಪಾಠ ಮಾಡಿ ಎಂದರೆ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಆರಿಸಿಕೊಳ್ಳುವ ವಿಷಯ, ‘ನಮ್ಮ ಮನೆಯ ವೈಫೈ ಕದಿಯುವವರನ್ನು ಪತ್ತೆ ಹಚ್ಚುವುದು ಹೇಗೆ?’ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಮನೆಗೇ ಸಂಬಂಧಿಸಿದ ವಿಷಯ, ಬೇಗ ಆಸಕ್ತಿ ಹುಟ್ಟಿಸುತ್ತದೆ, ವಿಜ್ಞಾನಕ್ಕೂ ಗಣಿತಕ್ಕೂ ಪೌರನೀತಿಗೂ ಒಂದೇ ಪಾಠದಲ್ಲಿ ಜಾಗವಿದೆ. ಆದರೆ ನಾನು ವೀಕ್ಷಿಸಿದ ಇಂಥ ಪಾಠಗಳಲ್ಲಿ ಹೆಚ್ಚಿನವು ತಲೆಕೆಳಗಾಗಿ ನಡೆದಿವೆ. ಕಳ್ಳನಿದ್ದಾನೆ ಎಂಬಲ್ಲಿಂದ ಪಾಠ ಆರಂಭವಾಗುತ್ತದೆ, ಅವನನ್ನು ಹುಡುಕುವುದರಲ್ಲಿ ಮುಗಿಯುತ್ತದೆ. ನಡುವೆ ನಡೆಯಬೇಕಾಗಿದ್ದ ಎಣಿಕೆ, ಹೋಲಿಕೆ, ತರ್ಕ ಯಾವುದೂ ನಡೆಯುವುದಿಲ್ಲ. ಈ ಪಾಠ ಏನನ್ನು ಕಲಿಸಬೇಕು ಎಂಬ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆದರೆ ಸಂತೋಷ.

ಪಾಠ ತಪ್ಪುವುದು ಪೀಠಿಕೆಯಲ್ಲೇ

ಸಾಮಾನ್ಯವಾಗಿ ಪೀಠಿಕಾ ಪ್ರಶ್ನೆಗಳು ಹೀಗಿರುತ್ತವೆ. ‘ನಿಮ್ಮ ಮನೆಯಲ್ಲಿ ವೈಫೈ ಇದೆಯೇ?’ ‘ಇದೆ ಸರ್.’ ‘ಕೆಲವೊಮ್ಮೆ ನಿಧಾನವಾಗುತ್ತದೆಯೇ?’ ‘ಆಗುತ್ತದೆ ಸರ್.’ ‘ಏಕೆ?’ ಇಲ್ಲಿ ಮಕ್ಕಳು ನಾಲ್ಕಾರು ಉತ್ತರ ಕೊಡುತ್ತಾರೆ. ಕರೆಂಟು ಹೋಗಿರುತ್ತದೆ, ಮಳೆ ಬಂದಿರುತ್ತದೆ, ಅಣ್ಣ ಗೇಮ್ ಆಡುತ್ತಿರುತ್ತಾನೆ. ಶಿಕ್ಷಕರಿಗೆ ಬೇಕಾದ ಉತ್ತರ ಇದಲ್ಲ. ಯಾರೋ ಒಬ್ಬ ಹುಡುಗ ‘ಪಕ್ಕದ ಮನೆಯವರು ಬಳಸುತ್ತಾರೆ’ ಎಂದೊಡನೆ ‘ಶಹಬ್ಬಾಸ್’ ಎಂದು ಬೆನ್ನು ತಟ್ಟಿ, ಹಲಗೆಯ ಮೇಲೆ ಪಾಠದ ಹೆಸರು ಬರೆದುಬಿಡುತ್ತಾರೆ.

ಆ ಕ್ಷಣದಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ಮೊದಲನೆಯದು ವಿಜ್ಞಾನದ ತಪ್ಪು. ಇಂಟರ್ನೆಟ್ ನಿಧಾನವಾಗುವುದಕ್ಕೆ ಕಾರಣ ಹಲವು. ರೂಟರ್ ಮತ್ತು ಫೋನಿನ ನಡುವೆ ಎರಡು ಗೋಡೆ ಇರಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂದು ಮೂರೇ. ಬೀದಿಯ ಹತ್ತು ಮನೆಯ ರೂಟರುಗಳು ಈ ಮೂರರಲ್ಲೇ ಮಾತಾಡಬೇಕು. ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತದೆ. ತಿಂಗಳ ಡೇಟಾ ಮಿತಿ ಮುಗಿದ ಮೇಲೆ ಸೇವೆ ಕೊಡುವವರು ವೇಗ ಇಳಿಸಿರಬಹುದು. ಮನೆಯ ಲ್ಯಾಪ್‌ಟಾಪ್ ಯಾರಿಗೂ ಹೇಳದೆ ಅಪ್‌ಡೇಟ್ ಇಳಿಸಿಕೊಳ್ಳುತ್ತಿರಬಹುದು. ಹೊರಗಿನವರು ಸೇರಿಕೊಂಡಿರುವುದು ಈ ಸಾಲಿನಲ್ಲಿ ಒಂದು ಸಾಧ್ಯತೆ ಮಾತ್ರ. ‘ಅಣ್ಣ ಗೇಮ್ ಆಡುತ್ತಿರುತ್ತಾನೆ’ ಎಂದ ಹುಡುಗಿಯ ಉತ್ತರ ಅದಕ್ಕಿಂತ ಹೆಚ್ಚು ಸಂಭವನೀಯವಾಗಿತ್ತು. ಆಕೆಗೆ ಶಹಬ್ಬಾಸ್ ಸಿಗಲಿಲ್ಲ.

ಎರಡನೆಯದು ಮೌಲ್ಯದ ತಪ್ಪು. ಸಾಕ್ಷ್ಯ ಇಲ್ಲದೆ ಪಕ್ಕದ ಮನೆಯವರ ಮೇಲೆ ಹೊರಿಸಿದ ಆರೋಪಕ್ಕೆ ತರಗತಿಯಲ್ಲಿ ಮೆಚ್ಚುಗೆ ಸಿಕ್ಕಿತು. ನಲವತ್ತು ಮಕ್ಕಳು ಅದನ್ನು ನೋಡಿದರು.

ರೂಟರ್ ಇಡುವ ಹಾಜರಿ ಪುಸ್ತಕ

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಶಿಕ್ಷಕರಿಗೂ ಮಕ್ಕಳಿಗೂ ದಿನವೂ ಗೊತ್ತಿರುವ ಒಂದು ವಸ್ತುವಿನಿಂದ, ಅಂದರೆ ಹಾಜರಿ ಪುಸ್ತಕದಿಂದ ಆರಂಭಿಸಬಹುದು.

ಮನೆಯ ರೂಟರ್ ತನ್ನ ಮೂಲಕ ಹೋಗಿಬರುವ ಸಾಧನಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಅದೇ ವೈಫೈಗೆ ಸೇರಿದ ಫೋನು ಅಥವಾ ಕಂಪ್ಯೂಟರಿನ ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿದರೆ (ಅನೇಕ ರೂಟರುಗಳಲ್ಲಿ ಇದು 192.168.1.1 ಅಥವಾ 192.168.0.1, ರೂಟರಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ) ಒಂದು ಪುಟ ತೆರೆದುಕೊಳ್ಳುತ್ತದೆ. ಅದರ ಗುಪ್ತಪದ ಕೊಟ್ಟು ಒಳಗೆ ಹೋದರೆ ‘ಸೇರಿರುವ ಸಾಧನಗಳು’ ಎಂಬ ಅರ್ಥದ ಪಟ್ಟಿ ಸಿಗುತ್ತದೆ. ಪ್ರತಿ ಸಾಲಿನಲ್ಲಿ ಸಾಧನದ ಹೆಸರು, ಅದಕ್ಕೆ ಕೊಟ್ಟಿರುವ ಸ್ಥಳೀಯ ಐಪಿ ವಿಳಾಸ ಮತ್ತು ಮ್ಯಾಕ್ ವಿಳಾಸ ಇರುತ್ತವೆ.

ಈ ಮ್ಯಾಕ್ ವಿಳಾಸವನ್ನು ಸ್ವಲ್ಪ ವಿವರವಾಗಿ ಕಲಿಸುವುದು ಒಳ್ಳೆಯದು. ಇದು 48 ಬಿಟ್‌ಗಳ ಸಂಖ್ಯೆ. ಹದಿನಾರು ಅಂಕಿಗಳ ಪದ್ಧತಿಯಲ್ಲಿ, ಅಂದರೆ 0ಯಿಂದ 9 ಮತ್ತು ಎಯಿಂದ ಎಫ್ ಬಳಸಿ, 12 ಸ್ಥಾನಗಳಲ್ಲಿ ಬರೆಯುತ್ತಾರೆ. ಒಟ್ಟು ಸಾಧ್ಯತೆಗಳು ಸುಮಾರು 281 ಲಕ್ಷ ಕೋಟಿ. ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಾದರೆ ಅದರ ಮೊದಲ ಅರ್ಧ ಸಾಮಾನ್ಯವಾಗಿ ತಯಾರಕರ ಗುರುತು. ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ಹಂಚುತ್ತದೆ. ಉಳಿದ ಅರ್ಧವನ್ನು ತಯಾರಕರು ಒಂದೊಂದು ಸಾಧನಕ್ಕೆ ಒಂದೊಂದರಂತೆ ಕೊಡುತ್ತಾರೆ. ನೋಂದಣಿ ಸಂಖ್ಯೆಯಲ್ಲಿ ಮೊದಲು ಶಾಲೆಯ ಗುರುತು, ಆಮೇಲೆ ವಿದ್ಯಾರ್ಥಿಯ ಕ್ರಮಸಂಖ್ಯೆ ಇರುವ ಹಾಗೆ ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಹೋಲಿಕೆ ಚೆನ್ನಾಗಿದೆ, ಆದರೆ ಅದು ಎಲ್ಲಿ ಸರಿಹೊಂದುವುದಿಲ್ಲ ಎಂಬುದನ್ನು ತೋರಿಸುವುದೂ ಶಿಕ್ಷಕರ ಕೆಲಸ. ತರಗತಿಯಲ್ಲಿ ಹಾಜರಿ ಕರೆಯುವಾಗ ನಾವು ಮುಖ ನೋಡುತ್ತೇವೆ. ರೂಟರಿಗೆ ಮುಖ ಕಾಣುವುದಿಲ್ಲ, ಕೇಳಿಸುವುದು ಕ್ರಮಸಂಖ್ಯೆ ಮಾತ್ರ. ಆದ್ದರಿಂದ ಅದರ ಪುಸ್ತಕದಲ್ಲಿ ಮೂರು ಬಗೆಯ ಎಡವಟ್ಟು ಸಾಧ್ಯ. ಮನೆಗೆ ಹೋದವನ ಹೆಸರು ಹಾಜರಿಯಲ್ಲೇ ಉಳಿಯಬಹುದು, ಏಕೆಂದರೆ ಐಪಿ ವಿಳಾಸವನ್ನು ಒಂದು ಅವಧಿಗೆ ಕೊಟ್ಟಿರುತ್ತದೆ ಮತ್ತು ಆ ಅವಧಿ ಮುಗಿಯುವವರೆಗೆ ಕೆಲವು ರೂಟರುಗಳು ಹೆಸರನ್ನು ತೆಗೆಯುವುದಿಲ್ಲ. ಒಬ್ಬನೇ ಎರಡು ಸಂಖ್ಯೆಯಲ್ಲಿ ಕೂಗಬಹುದು. ಒಬ್ಬನ ಸಂಖ್ಯೆಯಲ್ಲಿ ಇನ್ನೊಬ್ಬ ‘ಪ್ರೆಸೆಂಟ್ ಸರ್’ ಎನ್ನಬಹುದು. ಕಾಲೇಜಿನಲ್ಲಿ ನಾವೆಲ್ಲ ಕಂಡಿರುವ ಪ್ರಾಕ್ಸಿ ಹಾಜರಿ ಇದೇ. ಮ್ಯಾಕ್ ವಿಳಾಸವನ್ನು ಬದಲಿಸಿ ತೋರಿಸುವುದು ಕಷ್ಟದ ಕೆಲಸವಲ್ಲ. ‘ಇಂಥ ಮ್ಯಾಕ್ ವಿಳಾಸಗಳನ್ನು ಮಾತ್ರ ಒಳಗೆ ಬಿಡು’ ಎಂದು ರೂಟರಿಗೆ ಹೇಳುವ ವ್ಯವಸ್ಥೆಯನ್ನು ಪೂರ್ತಿ ನಂಬಬಾರದು ಎನ್ನುವುದು ಇದಕ್ಕೇ.

ಗುರುತು ಸಿಗದ ಸಾಲುಗಳು

ಪಟ್ಟಿ ತೆರೆದ ತಕ್ಷಣ ಮನೆಯವರಿಗೆ ಗಾಬರಿಯಾಗುವುದು ಸಹಜ. ಅರ್ಧ ಸಾಲುಗಳ ಹೆಸರು ಗುರುತೇ ಸಿಗುವುದಿಲ್ಲ. ಒಂದು ಕಡೆ ‘ಎಸ್ಪ್ರೆಸಿಫ್’ ಎಂದಿರುತ್ತದೆ. ಇದು ಶಾಂಘೈಯ ಚಿಪ್ ಕಂಪನಿ. ಮೊಬೈಲಿನಿಂದ ಹಚ್ಚಿ ಆರಿಸುವ ಬಲ್ಬು, ಪ್ಲಗ್ಗುಗಳಲ್ಲಿ ಅನೇಕ ಬಾರಿ ಇದರದೇ ಚಿಪ್ ಇರುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಬೇರೆ ಹೆಸರು, ಪಟ್ಟಿಯಲ್ಲಿ ಈ ಹೆಸರು. ಟಿವಿ, ಸೆಟ್‌ಟಾಪ್ ಬಾಕ್ಸ್, ಪ್ರಿಂಟರ್, ಕಪಾಟಿನಲ್ಲಿಟ್ಟ ಹಳೇ ಫೋನು, ಹಬ್ಬಕ್ಕೆ ಬಂದ ಸೋದರತ್ತೆಯ ಮಗನ ಲ್ಯಾಪ್‌ಟಾಪು, ಇವೆಲ್ಲ ಅಪರಿಚಿತರ ವೇಷದಲ್ಲೇ ಕಾಣಿಸಿಕೊಳ್ಳುತ್ತವೆ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸ ಹೇಳುವುದಿಲ್ಲ. ಒಂದೊಂದು ವೈಫೈಗೆ ಒಂದೊಂದು ಸುಳ್ಳು ವಿಳಾಸ ಹೇಳುತ್ತವೆ. ಅಂಗಡಿ, ನಿಲ್ದಾಣಗಳಲ್ಲಿ ಜನರ ಓಡಾಟವನ್ನು ಈ ವಿಳಾಸದ ಮೂಲಕ ಹಿಂಬಾಲಿಸದಂತೆ ಮಾಡಿದ ಒಳ್ಳೆಯ ಏರ್ಪಾಡು ಇದು. ಆದರೆ ಮನೆಯ ಮಟ್ಟಿಗೆ ಇದರಿಂದಾಗುವ ಪರಿಣಾಮವೆಂದರೆ, ಫೋನಿನ ಡಬ್ಬಿಯ ಮೇಲೆ ಬರೆದ ವಿಳಾಸಕ್ಕೂ ರೂಟರಿನ ಪಟ್ಟಿಯ ವಿಳಾಸಕ್ಕೂ ತಾಳೆಯಾಗುವುದಿಲ್ಲ. ತಾಯಿಯ ಫೋನೇ ಕಳ್ಳನ ಹಾಗೆ ಕಾಣುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಸುಲಭ ಗುರುತಿದೆ, ಮತ್ತು ಅದು ಒಳ್ಳೆಯ ಗಣಿತದ ಚಟುವಟಿಕೆ. ವಿಳಾಸದ ಎರಡನೆಯ ಸ್ಥಾನದ ಅಂಕಿ 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಸಾಧನವೇ ಕಟ್ಟಿಕೊಂಡದ್ದು. ಏಕೆ ಈ ನಾಲ್ಕೇ? ದ್ವಿಮಾನ ಪದ್ಧತಿಯಲ್ಲಿ ಬರೆಸಿ ನೋಡಿ: 0010, 0110, 1010, 1110. ನಾಲ್ಕರಲ್ಲೂ ಕೊನೆಯ ಎರಡು ಸ್ಥಾನ 10. ‘ಇದು ಸ್ಥಳೀಯವಾಗಿ ಕೊಟ್ಟ ವಿಳಾಸ’ ಎಂದು ಹೇಳುವ ಗುರುತು ಆ 1ರಲ್ಲಿದೆ. ಮಕ್ಕಳಿಗೆ ನಾಲ್ಕು ಉದಾಹರಣೆ ಕೊಟ್ಟು ಸಾಮ್ಯವನ್ನು ಅವರೇ ಕಂಡುಕೊಳ್ಳಲು ಬಿಟ್ಟರೆ ದ್ವಿಮಾನ ಸಂಖ್ಯೆ ಏತಕ್ಕೆ ಬೇಕು ಎಂಬ ಪ್ರಶ್ನೆ ಆ ತರಗತಿಯಲ್ಲಿ ಮತ್ತೆ ಬರುವುದಿಲ್ಲ.

ಕಂಪ್ಯೂಟರ್ ಇಲ್ಲದ ತರಗತಿಯಲ್ಲಿ

‘ನಮಗೆ ಕೊಟ್ಟ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿರುತ್ತಾರೆ’ ಎಂದು ಪ್ರಶಿಕ್ಷಣಾರ್ಥಿಗಳು ಹೇಳುವುದುಂಟು. ಈ ಪಾಠಕ್ಕೆ ಕಂಪ್ಯೂಟರ್ ಬೇಡ. ರಟ್ಟಿನ ಚೀಟಿಗಳು ಸಾಕು.

ಹನ್ನೆರಡು ಮಕ್ಕಳಿಗೆ ಒಂದೊಂದು ಚೀಟಿ ಕೊಡಿ. ಪ್ರತಿಯೊಂದರ ಮೇಲೂ 12 ಸ್ಥಾನಗಳ ವಿಳಾಸವಿರಲಿ. ಒಬ್ಬ ವಿದ್ಯಾರ್ಥಿನಿ ರೂಟರ್ ಆಗಿ ಹಲಗೆಗೆ ಮುಖ ಮಾಡಿ, ತರಗತಿಗೆ ಬೆನ್ನು ಹಾಕಿ ನಿಲ್ಲಲಿ. ಚೀಟಿ ಹಿಡಿದವರು ಒಬ್ಬೊಬ್ಬರಾಗಿ ತಮ್ಮ ವಿಳಾಸ ಓದಲಿ, ಆಕೆ ಹಲಗೆಯ ಮೇಲೆ ಬರೆಯಲಿ. ಎರಡನೆಯ ಸುತ್ತಿನಲ್ಲಿ ಮೂವರಿಗೆ ಗುಟ್ಟಾಗಿ ಸೂಚನೆ ಕೊಡಿ. ಒಬ್ಬ ಚೀಟಿ ಬದಲಿಸಿ ಹೊಸ ವಿಳಾಸ ಓದಬೇಕು. ಇನ್ನೊಬ್ಬ ಸುಮ್ಮನಿರಬೇಕು, ಅವನ ಹೆಸರು ಹಳೇ ಪಟ್ಟಿಯಲ್ಲಿ ಉಳಿದಿರುತ್ತದೆ. ಮೂರನೆಯವನು ಸುಮ್ಮನಿರುವ ಗೆಳೆಯನೊಬ್ಬನ ವಿಳಾಸವನ್ನೇ ಓದಬೇಕು. ಈಗ ರೂಟರ್ ತಿರುಗಿ ನೋಡದೆ ಉತ್ತರಿಸಬೇಕು: ಕೋಣೆಯಲ್ಲಿ ಎಷ್ಟು ಜನ ಇದ್ದಾರೆ? ಹೊರಗಿನವರು ಯಾರಾದರೂ ಬಂದಿದ್ದಾರೆಯೇ?

ಆಕೆಗೆ ಖಚಿತವಾಗಿ ಹೇಳಲು ಆಗುವುದಿಲ್ಲ. ಪಾಠದ ತಿರುಳು ಅಲ್ಲಿದೆ. ‘ಖಚಿತವಾಗಬೇಕಾದರೆ ಏನು ಮಾಡಬೇಕು?’ ಎಂದು ತರಗತಿಯನ್ನು ಕೇಳಿ. ‘ಎಲ್ಲರನ್ನೂ ಹೊರಗೆ ಕಳಿಸಿ ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮನೆಯಲ್ಲಿ ಮಾಡಬೇಕಾದ ಪರೀಕ್ಷೆಯೂ ಇದೇ ತಾನೇ.

ಐದು ‘ಇ’ಗಳ ಮಾದರಿಯಲ್ಲಿ ಪಾಠ ಬರೆಯುವವರಿಗೆ ಇಷ್ಟರಲ್ಲಿ ತೊಡಗಿಸಿಕೊಳ್ಳುವಿಕೆ, ಪರಿಶೋಧನೆ ಎರಡೂ ಮುಗಿದಿರುತ್ತವೆ. ವಿವರಣೆ, ವಿಸ್ತರಣೆಗೆ ಮನೆಯ ಉದಾಹರಣೆ ಒದಗುತ್ತದೆ. ಹಲಗೆಯ ಮೇಲೆ ಒಂದು ಕಲ್ಪಿತ ಮನೆ ಬರೆಯಿರಿ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು. ಪಟ್ಟಿಯಲ್ಲಿ ಏಳು ಸಾಧನ. ಮನೆಯವರು ಎಣಿಸಿದ್ದು ಐದು: ಮೂರು ಫೋನು, ಒಂದು ಟಿವಿ, ಒಂದು ಲ್ಯಾಪ್‌ಟಾಪ್. ಹೆಚ್ಚುವರಿ ಎರಡು. ಪಟ್ಟಿ ನೋಡುತ್ತಿರುವ ಒಂದು ಫೋನನ್ನು ಬಿಟ್ಟು ಉಳಿದವುಗಳ ವೈಫೈಯನ್ನು ಒಂದೊಂದಾಗಿ ಆರಿಸುತ್ತಾ, ಸ್ವಲ್ಪ ಹೊತ್ತು ಕಾದು, ಪಟ್ಟಿಯನ್ನು ಮತ್ತೆ ತೆರೆಯಬೇಕು. ಯಾವ ಸಾಲು ಮಾಯವಾಯಿತೋ ಅದರ ಮುಂದೆ ಹೆಸರು ಬರೆಯಬೇಕು. ಎಲ್ಲ ಆರಿಸಿದ ಮೇಲೂ ಆ ಫೋನಿನ ಸಾಲಲ್ಲದೆ ಇನ್ನೂ ಎರಡು ಸಾಲು ಉಳಿದವು. ಒಂದು ಸೆಟ್‌ಟಾಪ್ ಬಾಕ್ಸಿನದು ಎಂದು ಮಗಳಿಗೆ ನೆನಪಾಯಿತು. ಇನ್ನೊಂದು?

ಇಲ್ಲಿಗೆ ನಿಲ್ಲಿಸಿ ಮಕ್ಕಳಿಂದ ಊಹೆಗಳನ್ನು ಬರೆಸಿ. ಪಕ್ಕದ ಮನೆಯವರು ಎಂದು ಹಲವರು ಬರೆಯುತ್ತಾರೆ. ಆಮೇಲೆ ಅಜ್ಜಿಯ ಮಾತು ಓದಿ ಹೇಳಿ: ‘ಮೇಲಿನ ಮನೆ ಹುಡುಗಿಗೆ ಪರೀಕ್ಷೆ ಅಂತ ನಾನೇ ಪಾಸ್‌ವರ್ಡ್ ಕೊಟ್ಟಿದ್ದೆನಲ್ಲ, ಹೋದ ವರ್ಷ.’ ಆ ಸಾಧನ ಹೊರಗಿನದು ಹೌದು. ಆದರೆ ಅನಧಿಕೃತವೇ? ಅನುಮತಿ ಕೊಟ್ಟವರು ಯಾರು, ಎಷ್ಟು ದಿನಕ್ಕೆ, ಮನೆಯ ಉಳಿದವರಿಗೆ ಅದು ಗೊತ್ತಿರಬೇಕಿತ್ತೇ? ಈ ಪ್ರಶ್ನೆಗಳಿಗೆ ಯಾವ ಆ್ಯಪ್ ಕೂಡ ಉತ್ತರ ಹೇಳುವುದಿಲ್ಲ. ಮನೆಯವರು ಕೂತು ಮಾತಾಡಬೇಕು.

ಹೆಸರು ತಿಳಿಯದೆಯೂ ಬಾಗಿಲು ಹಾಕಬಹುದು

ನಿಜವಾಗಿಯೂ ಯಾರೂ ಅನುಮತಿ ಕೊಡದ ಸಾಧನವೊಂದು ಉಳಿಯಿತು ಎಂದುಕೊಳ್ಳೋಣ. ಆಗಲೂ ಅದು ಯಾರದು ಎಂದು ತಿಳಿಯುವ ಅಗತ್ಯ ಮನೆಯವರಿಗೆ ಇಲ್ಲ. ಹೊಸ ಗುಪ್ತಪದ ಇಟ್ಟರೆ ಎಲ್ಲ ಸಾಧನಗಳೂ ಹೊರಬೀಳುತ್ತವೆ. ನಮ್ಮವನ್ನು ನಾವು ಮತ್ತೆ ಸೇರಿಸಿಕೊಳ್ಳುತ್ತೇವೆ. ಬೀದಿಯಲ್ಲಿ ಯಾರ ಮುಖವನ್ನೂ ಅನುಮಾನದಿಂದ ನೋಡಬೇಕಾಗಿಲ್ಲ. ಪತ್ತೆ ಕಾರ್ಯದ ಗುರಿ ಬಾಗಿಲು ಹಾಕುವುದು. ಇದನ್ನು ಕಲಿಕಾಫಲವಾಗಿ ಪಾಠ ಯೋಜನೆಯ ಮೊದಲ ಪುಟದಲ್ಲೇ ಬರೆಯಬೇಕು ಎಂಬುದು ನನ್ನ ವಾದ.

ಬಾಗಿಲು ಹೇಗೆ ಹಾಕಬೇಕು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಿಕೊಡಬೇಕು. ವೈಫೈಯ ಗುಪ್ತಪದದ ಜೊತೆಗೆ ರೂಟರಿನ ಪುಟ ತೆರೆಯುವ ಗುಪ್ತಪದವನ್ನೂ ಬದಲಿಸಬೇಕು. ಇವೆರಡೂ ಬೇರೆ ಬೇರೆ ಎಂಬುದೇ ಅನೇಕರಿಗೆ ತಿಳಿದಿಲ್ಲ. ರಕ್ಷಣೆಯ ಬಗೆ ಡಬ್ಲ್ಯೂಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯೂಪಿಎ3 ಆಗಿರಬೇಕು. ವೆಪ್ ಎಂಬ ಹಳೆಯ ಬಗೆಯನ್ನು ಮುರಿಯಬಹುದೆಂದು 2001ರಲ್ಲೇ ತೋರಿಸಲಾಗಿದೆ. ವೈಫೈಯ ಹೆಸರನ್ನು ಅಡಗಿಸಿಟ್ಟರೆ ಸಾಕು ಎಂಬ ಸಲಹೆ ಕೆಲವು ಪಾಠಗಳಲ್ಲಿ ಬರುತ್ತದೆ. ಅದು ಮನೆಯ ನಾಮಫಲಕ ತೆಗೆದು ಬಾಗಿಲು ತೆರೆದಿಟ್ಟ ಹಾಗೆ. ಹುಡುಕುವವರಿಗೆ ಆ ಹೆಸರು ಸಿಕ್ಕೇ ಸಿಗುತ್ತದೆ.

ಗುಪ್ತಪದ ಬದಲಿಸಿದ ಮೇಲೂ ಅದೇ ತೊಂದರೆ ಇದ್ದರೆ ನೋಡಬೇಕಾದದ್ದು ಡಬ್ಲ್ಯೂಪಿಎಸ್. ಉದ್ದದ ಗುಪ್ತಪದದ ಬದಲು ಎಂಟು ಅಂಕಿಯ ಪಿನ್ ಹಾಕಿ ಸೇರಿಕೊಳ್ಳುವ ಈ ಸೌಲಭ್ಯದ ದೋಷ 2011ರ ಕೊನೆಯಲ್ಲಿ ಬಯಲಾಯಿತು. ಇದನ್ನು ಗಣಿತದ ಅವಧಿಗೆ ಉಳಿಸಿಕೊಳ್ಳಿ. ಎಂಟು ಅಂಕಿ ಎಂದರೆ 10 ಕೋಟಿ ಸಾಧ್ಯತೆ. ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಆದ್ದರಿಂದ ಒಂದು ಕೋಟಿಗೆ ಇಳಿಯಿತು. ರೂಟರ್ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಎಂದು ಪ್ರತ್ಯೇಕವಾಗಿ ಹೇಳಿಬಿಡುತ್ತದೆ. ಹಾಗಾಗಿ ಮೊದಲ ಭಾಗಕ್ಕೆ 10,000, ಎರಡನೆಯ ಭಾಗದ ಮೂರು ಅಂಕಿಗೆ 1,000, ಒಟ್ಟು ಹೆಚ್ಚೆಂದರೆ 11,000 ಪ್ರಯತ್ನ. ಗುಣಿಸಬೇಕಾದ ಕಡೆ ಕೂಡಿಸಿದರೆ ಬೀಗ ಎಷ್ಟು ಸಡಿಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗಲಾರದು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಆ ಸೌಲಭ್ಯವನ್ನು ಆರಿಸಿಡಬೇಕು.

ಬಂದವರಿಗೆ ಕೊಡಲೇಬೇಕು ಎನ್ನುವ ಮನೆಗಳಿಗೂ ದಾರಿಯಿದೆ. ಅನೇಕ ರೂಟರುಗಳಲ್ಲಿ ಅತಿಥಿಗಳಿಗೆಂದೇ ಬೇರೆ ಹೆಸರು, ಬೇರೆ ಗುಪ್ತಪದದ ಸಂಪರ್ಕ ಇಡಬಹುದು. ನಮ್ಮ ಹಳೆಯ ಮನೆಗಳಲ್ಲಿ ಜಗಲಿ ಇದ್ದದ್ದು ಇದೇ ಕೆಲಸಕ್ಕೆ. ದಾರಿಹೋಕರು ಕೂತು ನೀರು ಕುಡಿದು ಹೋಗಬಹುದಿತ್ತು, ನಡುಮನೆಗೆ ಬರಬೇಕಾಗಿರಲಿಲ್ಲ. ಜಗಲಿ ಎಂದರೆ ಸಾಕು, ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ವಿಳಾಸದಿಂದ ಮನುಷ್ಯನವರೆಗೆ

‘ಪಕ್ಕದವರು ಸ್ವಲ್ಪ ಬಳಸಿದರೆ ಏನಾಯಿತು, ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?’ ಎಂದು ಮಕ್ಕಳೂ ಕೇಳುತ್ತಾರೆ, ಪೋಷಕರೂ ಕೇಳುತ್ತಾರೆ. ಉತ್ತರಕ್ಕೆ 2008ರ ಒಂದು ಪ್ರಕರಣವನ್ನು ಹೇಳಬೇಕು. ಆ ವರ್ಷ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ್ಕೆ ಸ್ವಲ್ಪ ಮೊದಲು ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಇಮೇಲ್ ಬಂದಿತ್ತು. ತನಿಖೆಗಾರರು ಅದರ ಐಪಿ ವಿಳಾಸ ಹಿಡಿದು ಹೋದಾಗ ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಭದ್ರತೆಯಿಲ್ಲದ ಅವರ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಮಾಡದ ಕೆಲಸಕ್ಕೆ ಅವರು ವಿಚಾರಣೆ ಎದುರಿಸಬೇಕಾಯಿತು.

ಪಾಠಗಳಲ್ಲಿ ಈ ಪ್ರಕರಣ ಬಂದರೆ ‘ನೋಡಿ, ಬೀಗ ಹಾಕದಿದ್ದರೆ ಹೀಗಾಗುತ್ತದೆ’ ಎಂಬ ಒಂದೇ ನೀತಿಗೆ ನಿಲ್ಲುತ್ತದೆ. ಅದು ನಿಜ. ಆದರೆ ಪ್ರಕರಣಕ್ಕೆ ಇನ್ನೊಂದು ನೀತಿಯೂ ಇದೆ. ಐಪಿ ವಿಳಾಸ ಮನೆಯನ್ನು ತೋರಿಸಿತು, ಮನುಷ್ಯನನ್ನು ತೋರಿಸಲಿಲ್ಲ. ಮ್ಯಾಕ್ ವಿಳಾಸವೂ ಹಾಗೆಯೇ, ಒಂದು ಸಾಧನವನ್ನು ತೋರಿಸುತ್ತದೆ, ಅದನ್ನೂ ಪೂರ್ತಿ ಖಚಿತವಾಗಿ ಅಲ್ಲ. ಪಟ್ಟಿಯಲ್ಲಿ ಕಂಡ ಒಂದು ಅಪರಿಚಿತ ಸಾಲಿನಿಂದ ‘ಮೂರನೇ ಮನೆಯ ಅಂಕಲ್ಲೇ ಇರಬೇಕು’ ಎಂಬ ತೀರ್ಮಾನಕ್ಕೆ ಹಾರುವವರು ಸಾಧನದಿಂದ ಮನುಷ್ಯನಿಗೆ ಹಾರುತ್ತಾರೆ. ನವಿ ಮುಂಬೈಯ ಆ ಮನುಷ್ಯನನ್ನು ಸಿಕ್ಕಿಸಿದ್ದೂ ಅದೇ ಹಾರಾಟ. ಮಕ್ಕಳು ಬೀಗ ಹಾಕುವುದನ್ನು ಕಲಿಯಲಿ, ಸಾಕ್ಷ್ಯ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಅಲ್ಲಿಯೇ ನಿಲ್ಲುವುದನ್ನೂ ಕಲಿಯಲಿ.

ಕಾನೂನಿನ ಮಾತನ್ನೂ ಒಂದೆರಡು ವಾಕ್ಯದಲ್ಲಿ ಹೇಳಬೇಕು. ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ಜಾಲದೊಳಗೆ ಹೋಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮಿನಡಿ ಬರುತ್ತದೆ. ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರಶಿಕ್ಷಣಾರ್ಥಿಗಳು ಇದನ್ನು ಮೊದಲು ತಮಗೇ ಅನ್ವಯಿಸಿಕೊಳ್ಳಬೇಕು. ಪಾಠಕ್ಕೆ ಆಕರ್ಷಣೆ ಇರಲಿ ಎಂದು ಸುತ್ತಲಿನ ಮನೆಗಳ ವೈಫೈಯ ಮೇಲೆ ಆ್ಯಪ್ ಪ್ರಯೋಗಿಸುವುದು, ಮುಖ್ಯೋಪಾಧ್ಯಾಯರ ಅನುಮತಿ ಕೇಳದೆ ಶಾಲೆಯ ಜಾಲವನ್ನು ಜಾಲಾಡುವುದು ಸಲ್ಲದು.

‘ಕಳ್ಳ’ ಎಂಬ ಮಾತು ಯಾರಿಗೆ ತಾಗುತ್ತದೆ?

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ನಾವು ಪಾಠ ಮಾಡುವ ತರಗತಿಯಲ್ಲಿ ಎಲ್ಲರ ಮನೆಯಲ್ಲೂ ವೈಫೈ ಇರುವುದಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ವಿದ್ಯಾಗಮ ಕಾರ್ಯಕ್ರಮ ಬಂದದ್ದು ನೆನಪಿರಬೇಕು. ಮಕ್ಕಳ ಮನೆಯಲ್ಲಿ ಯಾವ ಸಾಧನವಿದೆ, ಇಂಟರ್ನೆಟ್ ಇದೆಯೇ ಎಂದು ನೋಡಿ ಅವರನ್ನು ಗುಂಪು ಮಾಡಿ, ಶಿಕ್ಷಕರು ಗುಡಿಯ ಪೌಳಿಯಲ್ಲಿ, ಮರದಡಿಯಲ್ಲಿ ಪಾಠ ಮಾಡಿದರು. ಆ ಗುಂಪುಗಳನ್ನು ಮಾಡುವಾಗ ಗೊತ್ತಾದ ಅಂತರ ಶಾಲೆ ತೆರೆದ ಮೇಲೆ ಮಾಯವಾಗಿಲ್ಲ. ಪಕ್ಕದ ಮನೆಯವರ ವೈಫೈ ಸಿಗುವ ಮೆಟ್ಟಿಲ ಮೇಲೆ ಕೂತು ಮನೆಗೆಲಸ ಮುಗಿಸುವ ಮಕ್ಕಳು ಇಂದೂ ಇದ್ದಾರೆ. ಕೆಲವರಿಗೆ ಅನುಮತಿ ಇದೆ, ಕೆಲವರಿಗೆ ‘ಇರಲಿ ಬಿಡು’ ಎಂಬ ಮೌನದ ಅನುಮತಿ ಇದೆ, ಕೆಲವರಿಗೆ ಇಲ್ಲವೇನೋ.

ಶಿಕ್ಷಕರು ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ‘ವೈಫೈ ಕಳ್ಳರು’ ಎಂದು ಬರೆದಾಗ ಆ ಮಗು ತಲೆ ತಗ್ಗಿಸಿ ಕೂರುತ್ತದೆ. ನಲವತ್ತು ನಿಮಿಷದ ಪಾಠದಲ್ಲಿ ಆ ಮಗು ಕೈ ಎತ್ತುವುದಿಲ್ಲ. ವೀಕ್ಷಣಾ ನಮೂನೆಯಲ್ಲಿ ನಾವು ‘ವಿದ್ಯಾರ್ಥಿಗಳ ಭಾಗವಹಿಸುವಿಕೆ ಚೆನ್ನಾಗಿತ್ತು’ ಎಂದು ಬರೆದು ಬರುತ್ತೇವೆ. ‘ಕಳ್ಳ’ ಎಂಬ ಮಾತನ್ನು ಬಿಟ್ಟರೆ ಪಾಠ ಸಪ್ಪೆಯಾಗುತ್ತದೆ ಎಂದು ಒಬ್ಬ ಪ್ರಶಿಕ್ಷಣಾರ್ಥಿ ವಾದಿಸಿದ್ದುಂಟು. ಆಗುವುದಿಲ್ಲ. ಬೆನ್ನು ತಿರುಗಿಸಿ ನಿಂತ ರೂಟರಿನ ಆಟದಲ್ಲಿ ಇರುವ ಕುತೂಹಲ ಯಾವ ಪತ್ತೇದಾರಿ ಕಥೆಗೂ ಕಡಿಮೆಯಿಲ್ಲ. ‘ಅನುಮತಿ ಇಲ್ಲದ ಸಾಧನ’ ಎಂಬ ಮಾತು ಸಾಕು. ಅದು ಸತ್ಯಕ್ಕೂ ಹತ್ತಿರ.

ವೈಫೈ ಇಲ್ಲದ ಮನೆಯ ಮಕ್ಕಳಿಗೂ ಈ ಪಾಠ ಅವರದೇ ಆಗಬೇಕು. ಅಪ್ಪನ ಫೋನಿನ ಹಾಟ್‌ಸ್ಪಾಟ್ ಕೂಡ ಒಂದು ಪುಟ್ಟ ಜಾಲವೇ. ಎಷ್ಟು ಸಾಧನ ಸೇರಿವೆ ಎಂದು ಅದೂ ಹೇಳುತ್ತದೆ, ಅದಕ್ಕೂ ಗುಪ್ತಪದ ಬೇಕು, ಅಲ್ಲಿ ಪರರು ಸೇರಿದರೆ ಡೇಟಾ ಬೇಗ ಮುಗಿಯುವುದು ಮನೆಯವರಿಗೆ ಇನ್ನೂ ಬೇಗ ತಿಳಿಯುತ್ತದೆ. ಗ್ರಾಮೀಣ ಶಾಲೆಗೆ ಹೋಗುವವರು ಹಾಟ್‌ಸ್ಪಾಟಿನಿಂದಲೇ ಪಾಠ ಆರಂಭಿಸಬಹುದು.

ಗೃಹಕಾರ್ಯದ ಬಗ್ಗೆಯೂ ಒಂದು ಎಚ್ಚರಿಕೆ. ‘ನಿಮ್ಮ ಮನೆಯ ರೂಟರಿನ ಪಟ್ಟಿಯ ಚಿತ್ರ ತೆಗೆದು ಗುಂಪಿಗೆ ಹಾಕಿ’ ಎಂದು ಹೇಳಬಾರದು. ಆ ಪಟ್ಟಿಯಲ್ಲಿ ಮನೆಯಲ್ಲಿ ಯಾವ ಯಾವ ಸಾಧನವಿದೆ, ಕೆಲವೊಮ್ಮೆ ಯಾರು ಯಾವ ಹೊತ್ತಿನಲ್ಲಿ ಬಳಸಿದರು ಎಂಬುದೂ ಇರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟದ್ದು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ತೀರ್ಪನ್ನು ಪೌರನೀತಿಯ ಪಾಠದಲ್ಲಿ ಹೇಳಿ, ಗೃಹಕಾರ್ಯದಲ್ಲಿ ಮರೆಯುವುದು ಸರಿಯಲ್ಲ. ಮಕ್ಕಳು ಎರಡು ಸಂಖ್ಯೆ ಮಾತ್ರ ತರಲಿ: ಮನೆಯವರು ಎಣಿಸಿದ್ದು ಎಷ್ಟು, ಪಟ್ಟಿಯಲ್ಲಿ ಇದ್ದದ್ದು ಎಷ್ಟು. ವೈಫೈಯೂ ಹಾಟ್‌ಸ್ಪಾಟೂ ಇಲ್ಲದ ಮನೆಯ ಮಕ್ಕಳಿಗೆ ಹಲಗೆಯ ಮೇಲಿನ ಕಲ್ಪಿತ ಮನೆಯ ಲೆಕ್ಕವನ್ನೇ ಕೊಡಬಹುದು.

ಮಾರ್ಗದರ್ಶಕರಲ್ಲಿ ಕೋರಿಕೆ

ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದು ಸಹೋದ್ಯೋಗಿಗಳು ಕೇಳಬಹುದು. ಆಗುವುದಿಲ್ಲ. ಎರಡು ಅವಧಿಗೆ ಹಂಚಬೇಕು. ಮೊದಲ ಅವಧಿಯಲ್ಲಿ ಹಾಜರಿ ಆಟ ಮತ್ತು ಕಲ್ಪಿತ ಮನೆ, ಎರಡನೆಯದರಲ್ಲಿ ಬಾಗಿಲು ಹಾಕುವ ಕ್ರಮ ಮತ್ತು 2008ರ ಪ್ರಕರಣ. ಒಂದೇ ಅವಧಿ ಸಿಕ್ಕಿತು ಎಂದರೆ ಮೊದಲನೆಯದನ್ನೇ ಮಾಡಿ. ಗುಪ್ತಪದ ಬದಲಿಸುವ ವಿಧಾನವನ್ನು ಮಕ್ಕಳು ಬೇರೆ ಎಲ್ಲಾದರೂ ಕಲಿಯುತ್ತಾರೆ. ಕಂಡದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರವನ್ನು ತರಗತಿಯಲ್ಲಿ ಕಲಿಯದಿದ್ದರೆ ಹೊರಗೆ ಕಲಿಸುವವರು ಕಡಿಮೆ.

ಮುಂದಿನ ಸಾಲಿನ ವಿಮರ್ಶಾ ಪಾಠಗಳಿಗೆ ಮಾರ್ಗದರ್ಶಕರಾಗಿ ಕೂರುವ ಉಪನ್ಯಾಸಕರು ವೀಕ್ಷಣಾ ನಮೂನೆಯ ಕೊನೆಯಲ್ಲಿ ಒಂದು ಪ್ರಶ್ನೆ ಸೇರಿಸಿಕೊಳ್ಳಲಿ ಎಂದು ಕೋರುತ್ತೇನೆ: ಈ ಪಾಠದಲ್ಲಿ ವಿದ್ಯಾರ್ಥಿಗಳು ಯಾವುದಾದರೂ ತೀರ್ಮಾನಕ್ಕೆ ಬರುವ ಮೊದಲು ಎಣಿಸಿದರೇ? ಉತ್ತರ ‘ಇಲ್ಲ’ ಎಂದಾದರೆ ಬೋಧನೋಪಕರಣ ಎಷ್ಟೇ ಅಂದವಾಗಿರಲಿ, ಧ್ವನಿಯ ಏರಿಳಿತ ಎಷ್ಟೇ ಚೆನ್ನಾಗಿರಲಿ, ಆ ಪಾಠವನ್ನು ಮತ್ತೊಮ್ಮೆ ಬರೆಯಲು ಪ್ರಶಿಕ್ಷಣಾರ್ಥಿಗೆ ಹೇಳಬೇಕು.